ಹೆಂಗಸರ ಕಡೆಯ ಗೋಡೆ

ನಮ್ಮೂರಲ್ಲಿ ಗಂಡ ಹೆಂಡತಿ ಜಗಳ ಆಡಬೇಕು ಅಂದ್ರೆ ಕೆರೆ ಏರಿ ಮೇಲೆ ಹೋಗ್ತಾರೆ. ಮನೆಯೊಳಗೆ ಆಡೋ ಹಾಗಿಲ್ಲ, ಗೋಡೆ ಇಟ್ಕೊಳ್ಳುತ್ತೆ. ಬೇರೆ ಊರಲ್ಲಿ ಗೋಡೆಗೆ ಕಿವಿ ಇರುತ್ತೆ ಅಂತಾರಲ್ಲ, ನಮ್ಮೂರ ಗೋಡೆಗೆ ಬಾಯಿಯೂ ಇದೆ. ಒಂದು ವರ್ಷ ಆಡಿದ ಮಾತೆಲ್ಲ ಆ ವರ್ಷದ ಸುಣ್ಣದಲ್ಲಿ ಕೂತಿರುತ್ತೆ, ಮುಂದಿನ ವರ್ಷ ಮೇಲೊಂದು ಸುಣ್ಣ ಬಿದ್ದರೆ ಅಡಿಯಲ್ಲೇ ಉಳಿಯುತ್ತೆ. ಕೆರೆದರೆ ಒಂದೇ ಒಂದು ಸಲ ಆಚೆ ಬರುತ್ತೆ, ಆಮೇಲೆ ಇಲ್ಲ. ಅದಕ್ಕೇ ಹೆಣ್ಣು ಕೊಡೋರು ಹುಡುಗನ ಮನೆಗೆ ಬಂದಾಗ ಕಾಫಿ ಲೋಟ ಕೈಗೆ ತಗೊಳ್ಳೋ ಮುಂಚೆ ಗೋಡೆ ಮೂಲೆಯನ್ನ ಉಗುರಲ್ಲಿ ಒಂಚೂರು ಕೆರೆದು ನೋಡ್ತಾರೆ. ಬಾಡಿಗೆ ಮನೆ ಬಿಡೋರು ಬೀಗದ ಕೈ ವಾಪಸ್ ಕೊಡೋ ಮುಂಚೆ ಗೋಡೆಗಳನ್ನ ಪೂರ್ತಿ ಕೆರೆಸಿ ಹೋಗ್ತಾರೆ. ಕೆರೆಯೋಳು ನಾನು, ಸುಣ್ಣ ಹೊಡೆಯೋಳೂ ನಾನೇ. ಸಣ್ಣತಾಯಿ ಅಂತ ಹೆಸರು. ಕಿವಿಗೆ ಹತ್ತಿ ಇಟ್ಕೊಂಡು ಕೆಲಸ ಮಾಡ್ತೀನಿ, ಕೇಳಿಸಿದ್ದನ್ನ ಎಲ್ಲೂ ಹೇಳಲ್ಲ. ನಮ್ಮತ್ತೆ ಹೇಳಿಕೊಟ್ಟ ನೇಮ ಅದು. ಈಗ ಹೇಳೋದು ಊರಿಗೆಲ್ಲ ಗೊತ್ತಿರೋ ವಿಷಯ, ಹಾಗಾಗಿ ಬಾಯಿ ಬಿಡ್ತಿದೀನಿ.

ನಾನು ಈ ಊರಿಗೆ ಸೊಸೆಯಾಗಿ ಬಂದೋಳು. ನನ್ನ ತವರಲ್ಲಿ ಗೋಡೆ ಅಂದ್ರೆ ಬರೀ ಗೋಡೆ. ಇಲ್ಲಿಗೆ ಬಂದು ವಿಷಯ ಗೊತ್ತಾದ ಮೇಲೆ ನನ್ನ ಬಾಯಿ ಕಟ್ಟಿಹೋಯ್ತು. ಏನಾದ್ರೂ ತಪ್ಪು ಮಾತಾಡಿ ಅದು ಗೋಡೇಲಿ ಕೂತು ನಾಳೆ ನನ್ನ ಮಕ್ಕಳ ಮುಂದೆ ಆಚೆ ಬಂದ್ರೆ? ಮೂರು ತಿಂಗಳು ಹೂಂ, ಉಹೂಂ ಎರಡರಲ್ಲೇ ಸಂಸಾರ ಮಾಡಿದೆ. ಅತ್ತೆ ಪಾಪ, ಮೂಗಿಯನ್ನ ಗಂಟು ಹಾಕಿದ್ರು ಅಂತ ತವರಿಗೆ ಕಾಗದ ಬರೆಸೋ ತನಕ ಹೋಗಿದ್ರು. ಆಗ ಊರಲ್ಲಿ ಅದೇ ವರ್ಷ ಕಟ್ಟಿದ್ದ ಟಾಕೀಸಿಗೆ ಒಂದು ಕುದುರೆ ಸಿನಿಮಾ ಬಂತು. ಪರದೇಶದ್ದು, ಟೋಪಿ ಹಾಕ್ಕೊಂಡು ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡು ಓಡಾಡ್ತಾರಲ್ಲ, ಅಂಥದ್ದು. 'ಉಪ್ಪಿನ ಕಣಿವೆ' ಅಂತ ಹೆಸರು. ಒಣಗಿದ ಕಣಿವೇಲಿ ಒಬ್ಬಳು ವಿಧವೆ, ಅವಳದೊಂದು ಬಾವಿ, ಆ ಬಾವಿ ಮೇಲೆ ಕಣ್ಣು ಹಾಕಿರೋ ದನ ಕಾಯೋ ಧಣಿ, ಎಲ್ಲಿಂದಲೋ ಬರೋ ಒಬ್ಬ ಕುದುರೆಯವನು. ಕಥೆ ಇಷ್ಟೇ. ಮೊದಲ ದಿನ ಯಾರಿಗೂ ಒಂದು ಮಾತೂ ಅರ್ಥ ಆಗದೆ ಜನ ಎದ್ದು ಹೊರಡೋಕೆ ಶುರು ಮಾಡಿದ್ರು. ಆಗ ಚಂಪಕ್ಕ ಪರದೆ ಹಿಂದೆ ಹೋಗಿ ಮೈಕು ಹಿಡಿದರು.

ಚಂಪಕ್ಕ ಅಂದ್ರೆ ಹೆಂಗಸರ ಕೌಂಟರಿನಲ್ಲಿ ಟಿಕೆಟ್ ಹರೀತಿದ್ದೋರು. ಪರದೇಶದ ಮಾತು ಅವರಿಗೂ ಬರ್ತಿರಲಿಲ್ಲ. ಆ ವಿಧವೆಯ ಮುಖ ನೋಡಿ, ಇವಳು ಈಗ ಇಂಥದ್ದೇ ಹೇಳ್ತಿರಬೇಕು ಅಂತ ಅಂದಾಜಿನ ಮೇಲೆ ಕನ್ನಡದಲ್ಲಿ ಹೇಳ್ತಾ ಹೋದರು. ಟಾಕೀಸಿನ ಮ್ಯಾನೇಜರು ಗಂಡಸರ ಮಾತೆಲ್ಲ ಹೇಳಿದ್ರು, ಕುದುರೆ ಓಡುವಾಗ ತೆಂಗಿನ ಚಿಪ್ಪು ಬಡಿದ್ರು. ತಗಡಿನ ತಟ್ಟೇಲಿ ಅವರು ತಿನ್ನೋ ಅದೇನೋ ಕಾಳನ್ನ ಚಂಪಕ್ಕ ಹುರುಳಿ ಸಾರು ಅಂದುಬಿಟ್ಟರು, ಮುಂದಿನ ಹನ್ನೊಂದು ವಾರವೂ ಅದು ಹುರುಳಿ ಸಾರೇ. ಹನ್ನೊಂದು ವಾರ ಓಡಿತು ಸ್ವಾಮಿ. ನಾನು ಒಂಬತ್ತು ಸಲ ನೋಡಿದೆ. ಧಣಿ ಬಾವಿಗೆ ಬಕೆಟ್ಟು ಇಳಿಸುವಾಗ ಆ ವಿಧವೆ ಬಾಗಿಲಿಗೆ ಬಂದು ನಿಂತು, "ಈ ಬಾವಿ ನಂದು. ನೀರು ಬೇಕಾದ್ರೆ ಕೇಳು, ಕೊಡ್ತೀನಿ. ಕೇಳದೆ ಮುಟ್ಟಿದ್ರೆ ಕೈ ಮುರೀತೀನಿ" ಅಂತಿದ್ಲು. ಕೂಗಾಟ ಇಲ್ಲ, ಅಳು ಇಲ್ಲ. ಹಾಲು ಎಷ್ಟು ಲೀಟರು ಅಂತ ಕೇಳೋ ಹಾಗೆ. ಒಂಬತ್ತನೇ ಸಲ ನೋಡಿ ಮನೆಗೆ ಬಂದೋಳು, ನನ್ನ ಸೋಪು ತಗೊಂಡು ಬಚ್ಚಲಿಗೆ ಹೊರಟಿದ್ದ ಅತ್ತೆಗೆ, "ಈ ಸೋಪು ನಂದು. ಬೇಕಾದ್ರೆ ಕೇಳಿ, ಕೊಡ್ತೀನಿ" ಅಂದೆ. ಕೈ ಮುರಿಯೋ ಮಾತು ನುಂಗಿಕೊಂಡೆ ಅನ್ನಿ. ಅತ್ತೆ ಅಲ್ಲೇ ಹೊಸಿಲ ಮೇಲೆ ಕೂತು ಹೊಟ್ಟೆ ಹಿಡ್ಕೊಂಡು ನಕ್ಕರು. ಮಾರನೇ ದಿನದಿಂದ ನನಗೆ ಸುಣ್ಣದ ಕೆಲಸ ಹೇಳಿಕೊಟ್ಟರು. ನನ್ನ ಬಾಯಿ, ನನ್ನ ಕಸುಬು, ನನ್ನ ಅತ್ತೆಯ ಪ್ರೀತಿ, ಮೂರೂ ಚಂಪಕ್ಕನ ದನಿಯಿಂದ ಬಂದದ್ದು. ಇದನ್ನ ಹೇಳೋಕೆ ನನಗೇನೂ ನಾಚಿಕೆ ಇಲ್ಲ.

ಆ ದನಿ ಹದಿನೆಂಟು ವರ್ಷದ ಹಿಂದೆ ಹೋಯ್ತು. ಗಂಟಲಲ್ಲಿ ಗಡ್ಡೆ ಎದ್ದು ಆಪರೇಷನ್ ಆಯ್ತು. ಜೀವ ಉಳೀತು, ಮಾತು ಹೋಯ್ತು. ಅಲ್ಲಿಂದೀಚೆಗೆ ಚಂಪಕ್ಕ ಒಂದು ಸ್ಲೇಟು, ಒಂದು ಬಳಪ ಇಟ್ಕೊಂಡಿದಾರೆ. ಬೇರೆ ಯಾರಾದ್ರೂ ಆಗಿದ್ರೆ ಮನೆ ಗೋಡೆ ಕೆರೆಸಿ ಹಳೇ ದನಿ ಕೇಳಿಕೊಳ್ತಿದ್ರು. ಇವರು ಜೀವಮಾನವೆಲ್ಲ ಬಾಡಿಗೆ ಮನೇಲಿದ್ದೋರು. ನಾಲ್ಕು ಮನೆ ಬದಲಾಯಿಸಿದ್ರು, ನಾಲ್ಕನ್ನೂ ಮರ್ಯಾದೆಯಾಗಿ ಕೆರೆಸಿಕೊಟ್ಟರು. ನಾಲ್ಕನ್ನೂ ಕೆರೆದೋಳು ನಾನೇ, ಕಿವಿಗೆ ಹತ್ತಿ ಇಟ್ಕೊಂಡು. ಈಗಿರೋ ಸ್ವಂತ ಮನೆ ಮಗ ಕಟ್ಟಿಸಿದ್ದು, ಆಪರೇಷನ್ ಆದ ಮೇಲೆ. ಅದರ ಗೋಡೇಲಿ ಚಂಪಕ್ಕನ ಒಂದು ಕೆಮ್ಮೂ ಇಲ್ಲ.

ಆ ಮನೆಗೆ ಸೊಸೆಯಾಗಿ ಬಂದೋಳು ಕಸ್ತೂರಿ. ಹತ್ತು ವರ್ಷ ಆಯ್ತು. ಅತ್ತೆಗೆ ಏನಾದ್ರೂ ಬೇಕಾದ್ರೆ ಚಮಚದಲ್ಲಿ ಲೋಟ ಬಡೀತಾರೆ, ಇವಳು ಓಡಿ ಬರ್ತಾಳೆ. ಒಂದು ದಿನ ಅವರ ಅಡುಗೆಮನೆಗೆ ಸುಣ್ಣ ಹೊಡೀತಿದ್ದಾಗ ಕಸ್ತೂರಿ ನನ್ನ ಹತ್ರ ಹೇಳಿದ್ಲು: "ಸಣ್ಣತಾಯಕ್ಕ, ಬೇರೆ ಸೊಸೆಯರೆಲ್ಲ ಅತ್ತೆ ಬಾಯಿ ಜೋರು ಅಂತ ಅಳ್ತಾರೆ. ನಮ್ಮತ್ತೆ ಬಾಯಿ ಹೇಗಿತ್ತು ಅಂತಾನೇ ನನಗೆ ಗೊತ್ತಿಲ್ಲ. ಒಂದ್ಸಲ ಬೈಸಿಕೊಂಡಿದ್ರೂ ಸಾಕಿತ್ತು." ನಗ್ತಾನೇ ಹೇಳಿದ್ಲು. ಕಣ್ಣು ಮಾತ್ರ ನಗ್ತಿರಲಿಲ್ಲ.

ಹೀಗಿರುವಾಗ ಹೋದ ವರ್ಷ ಸಲ್ಡಾನ ಅನ್ನೋರು ಬಂದ್ರು. ಹಳೇ ಸಿನಿಮಾಗಳನ್ನ ರಿಪೇರಿ ಮಾಡಿ, ಮನೇಲಿ ಕೂತು ನೋಡೋ ಡಿಸ್ಕು ಮಾಡಿ ಮಾರೋ ಕಂಪನಿಯವರು. ಕಡಲ ಕಡೆಯವರು, ಮೆತ್ತಗೆ ಮಾತಾಡೋರು, ಕೈಗೆ ಬಿಳೀ ಗ್ಲೌಸು. 'ಉಪ್ಪಿನ ಕಣಿವೆ'ಯನ್ನ ಅದರ ದೇಶದಲ್ಲೇ ಯಾರೂ ಕೇಳೋರಿಲ್ಲದೆ ಮೂಲೆಗೆ ಎಸೆದಿದ್ರಂತೆ. ಇದ್ದ ಪ್ರಿಂಟುಗಳೆಲ್ಲ ಹಾಳಾಗಿ, ಪೂರ್ತಿ ಉಳಿದಿರೋದು ನಮ್ಮ ಟಾಕೀಸಿನ ಅಟ್ಟದ ಮೇಲೆ, ಹರಿದ ಸೀಟುಗಳ ಅಡಿಯಲ್ಲಿದ್ದ ಒಂಬತ್ತು ಡಬ್ಬಿ ಮಾತ್ರ. ಡಬ್ಬಿ ಮುಚ್ಚಳ ತೆಗೆದ್ರೆ ಉಪ್ಪಿನಕಾಯಿ ಕೆಟ್ಟ ಹಾಗೆ ಹುಳಿ ವಾಸನೆ. ಸಲ್ಡಾನ ಸಾರ್ ಮೂಸಿ ನೋಡಿ, "ಇನ್ನೂ ಜೀವ ಉಂಟು" ಅಂದ್ರು.

ಮ್ಯಾನೇಜರ ರೂಮಲ್ಲಿ ಮೇಜು ಹಾಕ್ಕೊಂಡು ಕೂತ್ರು. ಒಂದೊಂದೇ ಗೇಣು ಫಿಲಂ ಬಿಚ್ಚೋದು, ಬೂಷ್ಟು ಒರೆಸೋದು, ಹರಿದ ಕಡೆ ಅಂಟಿಸೋದು. ಅಕ್ಕಿ ಆರಿಸೋ ಹಾಗೆ ತಾಳ್ಮೆ. ಬಣ್ಣವೆಲ್ಲ ಇಳಿದು ಸಿನಿಮಾ ಪೂರ್ತಿ ಬೀಟ್‌ರೂಟ್ ಪಲ್ಯದ ಬಣ್ಣಕ್ಕೆ ತಿರುಗಿತ್ತು. ನೋಡಿದ್ದೋರನ್ನೆಲ್ಲ ಕರೆದು ಕೇಳಿದ್ರು: ಆ ಹೆಂಗಸಿನ ತಲೆವಸ್ತ್ರ ಯಾವ ಬಣ್ಣ ಇತ್ತು? ಟೈಲರು ಹಸಿರು ಅಂದ. ಟಾಕೀಸಿನ ಮಾಲೀಕರು ಕೆಂಪು ಅಂದ್ರು. ನಾನು ಅರಿಶಿನ ಅಂದೆ. ನೀನು ಸುಣ್ಣದೋಳು, ನಿನಗೇನು ಗೊತ್ತು ಬಣ್ಣ, ಅಂದ ಟೈಲರು. ಐದನೇ ಡಬ್ಬಿಯ ತೀರಾ ಒಳಸುತ್ತಿನಲ್ಲಿ ಗಾಳಿ ತಾಗದೆ ಉಳಿದ ನಾಲ್ಕು ಚಿತ್ರ ಸಿಕ್ಕಿದವು, ಅರಿಶಿನವೇ. ಆಕಾಶದ ಬಣ್ಣ ಕೇಳಿದಾಗ ಒಂದು ಬಟ್ಟಲು ಸುಣ್ಣದ ನೀರಿಗೆ ಒಂದು ಚಿಟಿಕೆ ನೀಲಿ ಕದಡಿ, "ಇಷ್ಟು" ಅಂತ ತೋರಿಸಿದೆ. ಅವರು ಅದನ್ನ ಕಿಟಕೀಲಿ ಇಟ್ಕೊಂಡು ನೋಡಿ ನೋಡಿ ಆಕಾಶ ಮಾಡಿದ್ರು. ಟೈಲರು ಈಗಲೂ ನನ್ನ ಮುಖ ನೋಡಲ್ಲ.

ಸಿನಿಮಾದ ಮೂಲ ಮಾತು, ಆ ಪರದೇಶದ್ದು, ಬೇರೆ ಎಲ್ಲೋ ಸಿಕ್ಕಿತ್ತಂತೆ. ಆದ್ರೆ ಸಲ್ಡಾನ ಸಾರಿಗೆ ಯಾರೋ ನಮ್ಮ ಕನ್ನಡದ ಮಾತಿನ ಸುದ್ದಿ ಹೇಳಿದ್ರು. ಅದೂ ಡಿಸ್ಕಿನಲ್ಲಿ ಇರಬೇಕು ಅಂತ ಅವರಿಗೆ ಆಸೆ ಹುಟ್ಟಿತು. ಟಾಕೀಸಿನ ಗೋಡೆಯನ್ನ ಯಾವತ್ತೂ ಯಾರೂ ಕೆರೆಸಿರಲಿಲ್ಲ. ಮಾಲೀಕರು ಎರಡು ವಾರ ಆಟ ನಿಲ್ಲಿಸೋಕೆ ಒಪ್ಪಿದ್ರು. ಚಂಪಕ್ಕನಿಗೆ ಹೇಳೋಕೆ ಮನೆಗೆ ಹೋದೆ. ಅವರು ಸ್ಲೇಟು ತೊಡೆ ಮೇಲಿಟ್ಕೊಂಡ್ರು. ಆಮೇಲೆ ಬರೆದ್ರು: "ನನ್ನ ಸೊಸೆ ನನ್ನ ದನಿ ಒಂದು ಸಲ ಕೇಳಬೇಕು. ಇನ್ನೇನೂ ಬೇಡ." ಕಸ್ತೂರಿ ನೋಡೋ ಮುಂಚೆ ಒರೆಸಿಬಿಟ್ಟರು. ನಾನು ಅವರ ಕಾಲು ಮುಟ್ಟಿ, "ತಂದುಕೊಡ್ತೀನಿ ಚಂಪಕ್ಕ, ಇದು ನನ್ನ ಕೆಲಸ" ಅಂದುಬಿಟ್ಟೆ. ಅಷ್ಟು ದೊಡ್ಡ ಮಾತು ಆಡಬಾರದಿತ್ತು.

ಟಾಕೀಸಿನ ಎಡಗೋಡೆ ಗಂಡಸರ ಕಡೆಯದು, ಬಲಗೋಡೆ ಹೆಂಗಸರ ಕಡೆಯದು. ಸ್ಪೀಕರಿನ ಪೆಟ್ಟಿಗೆ ಇದ್ದದ್ದು ಎಡಕ್ಕೆ, ಹಾಗಾಗಿ ದನಿ ಅಲ್ಲೇ ಚೊಕ್ಕಟವಾಗಿ ಕೂತಿರುತ್ತೆ ಅಂತ ಲೆಕ್ಕ ಹಾಕಿದೆವು. ಹೆಂಗಸರ ಕಡೆ ಬರೀ ಕೂಸುಗಳ ಅಳು, ಬಳೆ ಸದ್ದು, ಕಡಲೆಕಾಯಿ ಒಡೆಯೋದು. ಸಿನಿಮಾ ಬಂದು ಇಪ್ಪತ್ತೇಳು ವರ್ಷ. ವರ್ಷಕ್ಕೊಂದು ಸುಣ್ಣ, ಅಂದ್ರೆ ಮೇಲಿಂದ ಇಪ್ಪತ್ತಾರು ಪದರ ಕೆರೆದು ಬಿಸಾಕಬೇಕು, ಇಪ್ಪತ್ತೇಳನೆಯದಕ್ಕೆ ಸಲ್ಡಾನ ಸಾರ್ ದನಿ ಹಿಡಿಯೋ ಮೆಷಿನ್ ಹಚ್ಚಬೇಕು. ನಮ್ಮಲ್ಲಿ ಇನ್ನೊಂದು ನೇಮ ಇದೆ. ಯಾರ ದನಿ ಬರುತ್ತೋ ಅವರ ಮನೆಯವರು ಕೆರೆಯೋ ಜಾಗದಲ್ಲಿ ನಿಲ್ಲಬಾರದು, ಅಳು ಬಂದು ದನಿ ಕೆಡುತ್ತೆ. ಚಂಪಕ್ಕ ದಿನಾ ಬಂದು ಹೊರಗೆ, ಅವರದೇ ಹಳೇ ಟಿಕೆಟ್ ಕೌಂಟರಿನ ಪಕ್ಕದ ಬೆಂಚಿನ ಮೇಲೆ ಕೂರ್ತಿದ್ರು. ಕಸ್ತೂರಿ ಮನೇಲೇ.

ಎಂಟು ದಿನ ಕೆರೆದೆ. ಒಂದೊಂದು ಪದರಕ್ಕೂ ಒಂದೊಂದು ವರ್ಷದ ಹಾಡು, ಹೊಡೆದಾಟ, ಸಿಳ್ಳೆ, ಎಲ್ಲ ಆಚೆ ಬಂದು ಬಾಗಿಲಲ್ಲಿ ಹೋಗ್ತಿತ್ತು. ಒಂಬತ್ತನೇ ದಿನ ಮಧ್ಯಾಹ್ನ ಇಪ್ಪತ್ತಾರನೇ ಪದರಕ್ಕೆ ಕರಣೆ ಹಾಕಿದೆ. ಇದೊಂದು ಹೋದ್ರೆ ನಾಳೆ ಚಂಪಕ್ಕ. ಸಲ್ಡಾನ ಸಾರ್ ಊಟಕ್ಕೆ ಹೋಗಿದ್ರು. ಆ ಪದರ ಹಳೇ ಸುಣ್ಣ, ದಪ್ಪ, ಒಂದು ಕಡೆ ಎತ್ತಿದ್ರೆ ಹಪ್ಪಳದ ಹಾಗೆ ಎದ್ದು ಬರೋದು. ಎಳೆದ ಕೈ ನಡುವೆ ನಿಲ್ಲಿಸಬಾರದು. ಎಳೆದೆ. ಮೇಲಿಂದ ಕೆಳಗಿನ ತನಕ ಇಡೀ ಗೋಡೆಯ ಸುಣ್ಣ ಒಂದೇ ಸಲ ಕಳಚಿ ಬಿತ್ತು. ಹತ್ತಿಯ ಒಳಗಿಂದ ಏನೋ ಟಕಟಕ ಕೇಳಿಸ್ತು. ತೆಂಗಿನ ಚಿಪ್ಪು. ಕಿವಿಯಿಂದ ಹತ್ತಿ ಕಿತ್ತು ಎಸೆಯೋ ಹೊತ್ತಿಗೆ, "ಕೇಳದೆ ಮುಟ್ಟಿದ್ರೆ" ಅನ್ನೋ ತನಕ ಬಂತು, ಅಷ್ಟೇ. ಆಮೇಲೆ ಗೋಡೆ ಬರೀ ಇಟ್ಟಿಗೆ ಆಗಿತ್ತು.

ಏಣಿ ಮೇಲೇ ಕೂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಆ ದೊಣ್ಣೆ ನಾನೇ ಆದೆ. ಎಲ್ಲಿ ತಪ್ಪಿದ್ದು ಅಂತ ಆಗ ಹೊಳೀತು. ಸುಣ್ಣದೋರ ಮನೇಲಿ ಸಾವಾದ ವರ್ಷ ನಾವು ಸುಣ್ಣ ಮುಟ್ಟಲ್ಲ, ಊರು ಕಾಯುತ್ತೆ. ನಮ್ಮತ್ತೆ ತೀರಿಕೊಂಡ ವರ್ಷ ಟಾಕೀಸಿಗೆ ಸುಣ್ಣ ಬಿದ್ದಿರಲಿಲ್ಲ, ಒಂದು ಪದರ ಕಮ್ಮಿ. ನಾನು ಲೆಕ್ಕ ಇಡೋದು ಕೈಯಲ್ಲಿ, ಎಷ್ಟು ಸಲ ಏಣಿ ಹತ್ತಿದೆ ಅನ್ನೋದರಲ್ಲಿ. ಕೈ ಸುಮ್ಮನಿದ್ದ ವರ್ಷವನ್ನ ಕೈ ಹೇಗೆ ನೆನಪಿಡುತ್ತೆ? ಊರಲ್ಲಿ ಬೇರೆ ಯಾರು ಮರೆತರೂ ನಾನು ಮರೀಬಾರದಾಗಿತ್ತು.

ಹೊರಗೆ ಹೋದೆ. ಮೈಯೆಲ್ಲ ಸುಣ್ಣ. ಬೆಂಚಿನ ಮುಂದೆ ನೆಲದ ಮೇಲೆ ಕೂತು, ಇದ್ದದ್ದು ಇದ್ದ ಹಾಗೆ ಹೇಳಿದೆ. "ಚಂಪಕ್ಕ, ಕಳೆದುಬಿಟ್ಟೆ. ನಾಲ್ಕು ಮನೆಯಲ್ಲಿ ನಿಮ್ಮ ದನಿ ಕೆರೆದೋಳು ನಾನು, ಐದನೆಯದನ್ನೂ ನಾನೇ ಕೆರೆದುಬಿಟ್ಟೆ" ಅಂದೆ. ಅತ್ತೆ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಚಂಪಕ್ಕ ನನ್ನ ತಲೆ ಮೇಲಿನ ಸುಣ್ಣ ಕೊಡವಿದ್ರು. ಆಮೇಲೆ ಬಳಪ ತಗೊಂಡು ಬರೆದ್ರು: "ನಾನೇನು ಗಂಡಸರಿಗೆ ಮಾತ್ರ ಹೇಳಿದ್ನಾ? ಹೆಂಗಸರ ಗೋಡೆ ಕೆರಿ."

ಬಲಗೋಡೆಗೆ ಇನ್ನೂ ಎಂಟು ದಿನ. ಮಾಲೀಕರ ಕಾಲಿಗೆ ಬಿದ್ದು ಅವಧಿ ಮುಂದಕ್ಕೆ ಹಾಕಿಸಿಕೊಂಡೆ. ಈ ಸಲ ಹತ್ತಿ ಇಡಲಿಲ್ಲ. ನೇಮ ಮುರಿದೆ, ಅತ್ತೆ ಕ್ಷಮಿಸ್ತಾರೆ. ಒಂದೊಂದು ಪದರ ಕೆರೆಯುವಾಗಲೂ ಗೋಡೆ ಮೇಲೆ ಇದ್ದಲಿನ ಗೆರೆ ಎಳೆದೆ. ಇಪ್ಪತ್ತೈದು ಗೆರೆ ಆದ ಮೇಲೆ ಸಲ್ಡಾನ ಸಾರಿಗೆ, "ಇವತ್ತು ಊಟಕ್ಕೆ ಹೋಗಬೇಡಿ" ಅಂದೆ. ಅವರು ಕೈಮುಗಿದು ಮೆಷಿನ್ ಹಚ್ಚಿದ್ರು. ಅಂಗೈ ಅಗಲ, ಅಂಗೈ ಅಗಲವಾಗಿ ಕೆರೆದೆ. ಬಂತು. ಕೂಸುಗಳು ಬಾಯಿ ಬಡ್ಕೊಳ್ತಿವೆ, ಬಳೆಗಳು ಜಲಜಲ ಅಂತಿವೆ, ಯಾವಳೋ "ಮುಂದಿನ ಜಡೆ ಒಂಚೂರು ಬಗ್ಗಮ್ಮ" ಅಂತಾಳೆ. ಅದೆಲ್ಲದರ ನಡುವೆ ಚಂಪಕ್ಕ, ಮೂವತ್ತೈದರ ಚಂಪಕ್ಕ, ತಣ್ಣಗೆ, ದಪ್ಪಗೆ, ಒಂದು ಮಾತೂ ಅವಸರವಿಲ್ಲದೆ. ಮತ್ತೆ ಆ ದನಿಯ ಬೆನ್ನ ಹಿಂದೇನೇ ಇನ್ನೊಂದು ಸಣ್ಣ ದನಿ, ಅವರು ಹೇಳಿದ್ದನ್ನೇ ಪಿಸುಪಿಸು ಅಂತ ಹೇಳಿಕೊಳ್ತಾ ಹೋಗ್ತಿದೆ. "ಕೇಳು, ಕೊಡ್ತೀನಿ. ಕೇಳು, ಕೊಡ್ತೀನಿ." ಯಾರಪ್ಪಾ ಇದು ಅಂದುಕೊಂಡೆ. ನಾನು. ಬಾಯಿ ಕಟ್ಟಿಹೋಗಿದ್ದ ಹತ್ತೊಂಬತ್ತರ ಹುಡುಗಿ, ಕತ್ತಲಲ್ಲಿ ಕೂತು ಮಾತು ಕಲೀತಿದ್ದಾಳೆ. ಕೈ ನಿಲ್ಲಿಸೋ ಹಾಗಿರಲಿಲ್ಲ, ಕಣ್ಣೊರೆಸಿಕೊಳ್ಳದೆ ಕೆರೆದೆ.

ಆಮೇಲೆ ಸಲ್ಡಾನ ಸಾರ್ ಒಂದು ವಾರ ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತ್ರು. ಒಂದು ಬೆಳಿಗ್ಗೆ ಚಂಪಕ್ಕನ ಮನೆಗೆ ಬಂದು ಸಂಕೋಚದಲ್ಲಿ ಹೇಳಿದ್ರು: "ಅಮ್ಮ, ಮಕ್ಕಳ ಅಳು ತೆಗೆಯಬಹುದು. ಆದರೆ ಅದರೊಟ್ಟಿಗೆ ನಿಮ್ಮ ದನಿಯದ್ದೂ ಸ್ವಲ್ಪ ಹೋಗ್ತದೆ, ತೆಳ್ಳಗಾಗ್ತದೆ. ಎಂತ ಮಾಡುವುದು, ನೀವೇ ಹೇಳಿ." ಚಂಪಕ್ಕ ಯೋಚನೆ ಮಾಡಲಿಲ್ಲ. "ಮಕ್ಕಳು ಅಳಲಿ ಬಿಡಿ. ಅವರಮ್ಮಂದಿರಿಗೆ ಟಿಕೆಟ್ ಕೊಟ್ಟವಳು ನಾನೇ" ಅಂತ ಬರೆದ್ರು. ನನ್ನ ಪಿಸುಮಾತನ್ನಾದ್ರೂ ತೆಗೀರಿ ಸಾರ್ ಅಂದೆ ನಾನು. ಚಂಪಕ್ಕ ಸ್ಲೇಟಿನ ಮೇಲೆ "ಬೇಡ" ಅಂತ ಎಷ್ಟು ದೊಡ್ಡದಾಗಿ ಬರೆದ್ರು ಅಂದ್ರೆ ಬಳಪ ಮುರೀತು.

ನಾಲ್ಕು ತಿಂಗಳಿಗೆ ಡಿಸ್ಕು ಬಂತು. ಸಲ್ಡಾನ ಸಾರ್ ತಾವೇ ರಟ್ಟಿನ ಡಬ್ಬಿ ಹೊತ್ತುಕೊಂಡು ಬಂದ್ರು. ಹೊದಿಕೆ ಮೇಲೆ ಅರಿಶಿನದ ತಲೆವಸ್ತ್ರ, ನನ್ನ ನೀಲಿಯ ಆಕಾಶ, ಹಿಂದುಗಡೆ ಸಣ್ಣಕ್ಷರದಲ್ಲಿ ಚಂಪಕ್ಕನ ಹೆಸರು, ಮ್ಯಾನೇಜರ ಹೆಸರು, ಕೊನೇಲಿ 'ಗೋಡೆ ಕೆಲಸ: ಸಣ್ಣತಾಯಿ'. ದೂರದ ಯಾವ್ಯಾವುದೋ ಊರಿನ ಮನೆಗಳಲ್ಲಿ ಜನ ಇದನ್ನ ಹಾಕ್ಕೊಂಡು ನೋಡ್ತಾರಂತೆ. ಮರೆತು ಎಸೆದಿದ್ದ ಒಂದು ಸಿನಿಮಾವನ್ನ ಗ್ಲೌಸು ಹಾಕ್ಕೊಂಡು ಎತ್ತಿ ಒರೆಸಿ ಕೂರಿಸಿದ ಆ ಮನುಷ್ಯನಿಗೆ ಏನು ಕೊಟ್ಟರೂ ಕಮ್ಮಿ. ನಾನು ಒಂದು ಡಬ್ಬಿ ಚಕ್ಕುಲಿ ಕೊಟ್ಟೆ. ಅವರು ಅದನ್ನೂ ಗ್ಲೌಸು ಹಾಕ್ಕೊಂಡೇ ತಗೊಂಡ್ರು.

ಭಾನುವಾರ ಮಧ್ಯಾಹ್ನ ಚಂಪಕ್ಕನ ಮನೇಲಿ ಹಾಕೋದು ಅಂತ ಆಯ್ತು. ಮಗ ಟಿವಿ ಸರಿ ಮಾಡಿದ. ಚಂಪಕ್ಕ ನಡುಮನೇಲಿ ಚಾಪೆ ಮೇಲೆ ಕೂತ್ರು, ಪಕ್ಕದಲ್ಲಿ ನಾನು, ಕುರ್ಚಿ ಮೇಲೆ ಸಲ್ಡಾನ ಸಾರ್. ಕಸ್ತೂರಿಗೆ ಕೂರೋಕೆ ಆಗ್ತಿಲ್ಲ. ಒಳಗೆ ಹೋಗ್ತಾಳೆ, ಬರ್ತಾಳೆ, ಸೆರಗು ಸರಿ ಮಾಡ್ಕೊಳ್ತಾಳೆ. ಬಾ ಕೂತ್ಕೋ ಅಂದ್ರೆ, "ಒಗ್ಗರಣೆ ಹಾಕಿ ಬರ್ತೀನಿ ಅಕ್ಕ, ಆ ಹೆಂಗಸು ಬರೋದು ಇನ್ನೂ ತಡ ಅಲ್ವಾ" ಅಂದು ಅಡುಗೆಮನೆ ಸೇರಿಕೊಂಡ್ಲು. ಹೆದರಿದ್ಲು, ನನಗೆ ಗೊತ್ತು. ಹತ್ತು ವರ್ಷ ಬಯಸಿದ್ದು ಬಾಗಿಲಿಗೆ ಬಂದಾಗ ಯಾರಿಗಾದ್ರೂ ಹಾಗೇ ಆಗುತ್ತೆ. ಚಂಪಕ್ಕ ಸ್ಲೇಟನ್ನ ಬೋರಲು ಹಾಕಿದ್ರು. ನಾನು ಅವರ ಕೈ ಹಿಡ್ಕೊಂಡೆ.

ಕುದುರೆಯವನು ಕಣಿವೆ ಇಳಿದು ಬಂದ. ಸಂಜೆ ಆಯ್ತು. ಬೇಲಿ ಹತ್ರ ನಿಂತ, ಒಳಗೆ ಬರೋದೋ ಬೇಡವೋ ಅಂತ. ಮನೆ ಒಳಗಿಂದ ಆ ಹೆಂಗಸಿನ ದನಿ, ಮುಖ ಇನ್ನೂ ಕಂಡಿಲ್ಲ. ಎಲ್ಲೋ ಒಂದು ಕೂಸು ಅಳ್ತಿದೆ. ಅದರ ಮೇಲೆ ಚಂಪಕ್ಕ:

"ಅಲ್ಲೇ ಯಾಕೆ ನಿಂತೆ? ಬಾ ಒಳಗೆ. ಅನ್ನ ಆರಿಹೋಗುತ್ತೆ."

"ಬಂದೆ ಅತ್ತೆ," ಅಂದ್ಲು ಕಸ್ತೂರಿ, ಅಡುಗೆಮನೆಯಿಂದ.

ಒಲೆ ಆರಿಸಿದ ಸದ್ದು ಕೇಳಿಸ್ತು. ಸೌಟು ಕೈಯಲ್ಲೇ ಹಿಡ್ಕೊಂಡು ಬಾಗಿಲಿಗೆ ಬಂದು ನಿಂತ್ಲು. ತಾನು ಏನಂದೆ, ಯಾರಿಗೆ ಅಂದೆ ಅಂತ ಅವಳಿಗೆ ಆಗ ತಿಳೀತು. ಚಂಪಕ್ಕ ಸ್ಲೇಟು ಎತ್ತಿಕೊಳ್ಳಲಿಲ್ಲ. ಚಾಪೆ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಕಸ್ತೂರಿ ಬಂದು ಕೂತ್ಲು.